ದಾಸ್ ಬೋಟ್: ನೋಡುವ ಮೊದಲು, ನೋಡಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರ ಯುದ್ಧದ ಒಳ್ಳೆಯ ಸಿನಿಮಾ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ಹೇಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟು ಉದ್ದ? ಯಾವ ಭಾಷೆ? ಹಿಟ್ಲರ್ ಕಡೆಯವರ ಕಥೆ ನಾವು ಯಾಕೆ ನೋಡಬೇಕು? ವರ್ಷಗಳಿಂದ ಗೆಳೆಯರು ಕೇಳುತ್ತಾ ಬಂದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ಕೊನೆಯ ಪ್ರಶ್ನೆಯಲ್ಲಿ ಕ್ಲೈಮ್ಯಾಕ್ಸ್ ಬಿಟ್ಟುಕೊಟ್ಟಿದ್ದೇನೆ. ಸಿನಿಮಾ ನೋಡದವರು ಅದನ್ನು ಓದಬೇಡಿ.

ಇದು ಯಾವ ಸಿನಿಮಾ? ಹೆಸರನ್ನು ಹೇಗೆ ಹೇಳಬೇಕು?

1981ರ ಸೆಪ್ಟೆಂಬರ್‌ನಲ್ಲಿ ಆಗಿನ ಪಶ್ಚಿಮ ಜರ್ಮನಿಯಲ್ಲಿ ತೆರೆಕಂಡ ಚಿತ್ರ. ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್. ನಮ್ಮಲ್ಲಿ ‘ದಾಸ್ ಬೂಟ್’ ಅಂತ ಓದುವವರೇ ಜಾಸ್ತಿ. ಜರ್ಮನ್ನರ ಬಾಯಲ್ಲಿ ಅದು ‘ದಾಸ್ ಬೋಟ್’. ಅರ್ಥ ‘ದೋಣಿ’, ಅಷ್ಟೇ. ಸಬ್‌ಮರೀನ್‌ನಲ್ಲಿ ಕೆಲಸ ಮಾಡುವವರು ತಮ್ಮ ಹಡಗನ್ನು ಹಡಗು ಅನ್ನುವುದಿಲ್ಲ, ಬೋಟ್ ಅಂತಲೇ ಕರೆಯುತ್ತಾರೆ. ಮಲ್ಪೆಯ ಮೀನುಗಾರರು ತಮ್ಮದನ್ನು ಬೋಟು ಅಂದ ಹಾಗೇ.

ಕಥೆ ಏನು?

1941ರ ಕೊನೆಯ ತಿಂಗಳುಗಳು. ಜರ್ಮನಿ ಹಿಡಿದುಕೊಂಡಿದ್ದ ಫ್ರಾನ್ಸಿನ ಲಾ ರೋಷೆಲ್ ಬಂದರಿನಿಂದ ಯು-96 ಎಂಬ ಸಬ್‌ಮರೀನ್ ಅಟ್ಲಾಂಟಿಕ್‌ಗೆ ಹೊರಡುತ್ತದೆ. ಬ್ರಿಟನ್ನಿಗೆ ಆಹಾರ, ಎಣ್ಣೆ, ಆಯುಧ ಸಾಗಿಸುವ ಹಡಗುಗಳನ್ನು ಮುಳುಗಿಸುವುದು ಅದರ ಕೆಲಸ. ಒಳಗೆ ನಲವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಹೆಚ್ಚಿನವರು ಇನ್ನೂ ಹುಡುಗರು. ಅವರ ನಡುವೆ ಹೊಸಬನೊಬ್ಬ ಇದ್ದಾನೆ, ಯುದ್ಧದ ವರದಿಗಾರ ವೆರ್ನರ್. ಹೆರ್ಬೆರ್ಟ್ ಗ್ರೋನೆಮಾಯರ್ ಮಾಡಿದ ಪಾತ್ರ. ನಾವು ಬೋಟಿನ ಒಳಗನ್ನು ಮೊದಲು ನೋಡುವುದು ಇವನ ಕಣ್ಣಿನಿಂದಲೇ. ಕ್ಯಾಪ್ಟನ್ ಪಾತ್ರ ಯೂರ್ಗೆನ್ ಪ್ರೊಖ್ನೋವ್ ಅವರದು. ಹುಡುಗರು ಅವನನ್ನು ‘ಮುದುಕ’ ಅಂತ ಕರೆಯುತ್ತಾರೆ. ಈ ಪಾತ್ರಕ್ಕೆ ಮೂಲವಾದ ನಿಜವಾದ ಕ್ಯಾಪ್ಟನ್‌ಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ!

ಹೊಡೆದಾಟ ಕಡಿಮೆಯಂತೆ. ಬೋರ್ ಆಗಲ್ವಾ?

ಮೊದಲ ಮುಕ್ಕಾಲು ಗಂಟೆ ತಾಳ್ಮೆ ಬೇಕು, ನಿಜ. ಕುಡಿತದ ಒಂದು ಪಾರ್ಟಿ, ಬಂದರಿನಲ್ಲಿ ಬ್ಯಾಂಡು, ಆಮೇಲೆ ವಾರಗಟ್ಟಲೆ ಖಾಲಿ ಸಮುದ್ರ. ಶತ್ರು ಸಿಗುವುದಿಲ್ಲ. ಹುಡುಗರು ಬೈದುಕೊಳ್ಳುತ್ತಾರೆ, ಪೋಲಿ ಜೋಕು ಹೇಳುತ್ತಾರೆ, ಬೂಷ್ಟು ಹಿಡಿದ ಬ್ರೆಡ್ಡಿನ ಒಳಗೆ ತಿನ್ನಲು ಏನಾದರೂ ಉಳಿದಿದೆಯಾ ಅಂತ ನೋಡುತ್ತಾರೆ. ಸಮುದ್ರ ಯುದ್ಧ ಅಂದರೆ ಹೆಚ್ಚಿನ ದಿನ ಇಷ್ಟೇ. ಈ ಕಾಯುವಿಕೆಯನ್ನು ಕತ್ತರಿಸಿದರೆ ಮುಂದಿನ ಭಯ ನಮಗೆ ತಟ್ಟುವುದಿಲ್ಲ.

ಆಮೇಲೆ ಶುರುವಾಗುತ್ತದೆ ನೋಡಿ. ನನ್ನ ಪ್ರಕಾರ ಇದು ಕಿವಿಯಿಂದ ನೋಡುವ ಸಿನಿಮಾ. ನೀರಿನ ಒಳಗೆ ಕಿಟಕಿ ಇಲ್ಲ. ಮೇಲೆ ಬಂದು ನಿಂತಿರುವ ಶತ್ರು ಹಡಗು ಕಾಣುವುದಿಲ್ಲ, ಕೇಳುತ್ತದೆ ಅಷ್ಟೇ. ಹಿನ್ರಿಖ್ ಅನ್ನುವವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಕೂತಿರುತ್ತಾನೆ. ನೀರಿನಲ್ಲಿ ಬರುವ ಸದ್ದು ಯಾವ ದಿಕ್ಕಿನಿಂದ ಅಂತ ಹುಡುಕುವುದು ಅವನ ಕೆಲಸ. ಚಕ್ರ ತಿರುಗುತ್ತದೆ, ಸ್ವಲ್ಪ ಹಿಂದಕ್ಕೆ ಬರುತ್ತದೆ, ನಿಲ್ಲುತ್ತದೆ. ಅವನ ಮುಖ ಬದಲಾಗುತ್ತದೆ. ‘ಜೋರಾಗುತ್ತಿದೆ’ ಅಂತ ಪಿಸುಗುಟ್ಟುತ್ತಾನೆ. ಅಲ್ಲಿ ನಿಂತ ಎಲ್ಲರ ಕಣ್ಣು ಒಟ್ಟಿಗೆ ಮೇಲಕ್ಕೆ ಹೋಗುತ್ತದೆ. ಮೇಲೆ ಏನಿದೆ? ಪೈಪುಗಳು, ವಾಲ್ವುಗಳು, ಬೆವರಿದ ಕಬ್ಬಿಣ. ಆದರೂ ನೋಡುತ್ತಾರೆ. ನಾವೂ ಮನೆಯ ಛಾವಣಿ ನೋಡುತ್ತೇವೆ. ಒಂದು ಗುಂಡು ಹಾರದೆ ಇಷ್ಟು ಹೆದರಿಸಿದ ಇನ್ನೊಂದು ಯುದ್ಧದ ದೃಶ್ಯ ನಾನು ನೋಡಿಲ್ಲ.

ಅದಕ್ಕೇ ಹೇಳುವುದು, ಮೊಬೈಲ್‌ನಲ್ಲಿ ಬಸ್ಸಿನಲ್ಲಿ ಕೂತು ಇದನ್ನು ನೋಡಬೇಡಿ. ರಾತ್ರಿ ನೋಡಿ, ಫ್ಯಾನ್ ಆಫ್ ಮಾಡಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

‘ಪಿಂಗ್’ ಅಂತ ಬಡಿಯುವ ಆ ಸದ್ದು ಏನು?

ಬ್ರಿಟಿಷರು ‘ಆಸ್ಡಿಕ್’ ಅಂತ ಕರೆಯುತ್ತಿದ್ದ ಯಂತ್ರದ ಸದ್ದು. ಈಗ ನಾವು ಸೋನಾರ್ ಅನ್ನುತ್ತೇವೆ. ಮೇಲಿನ ಹಡಗು ನೀರಿಗೆ ಒಂದು ಶಬ್ದ ಬಿಡುತ್ತದೆ. ಅದು ಸಬ್‌ಮರೀನ್‌ಗೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ಬಾವಿಯ ಬಳಿ ನಿಂತು ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಅದೇ ತತ್ವ. ಒಳಗಿರುವವರಿಗೆ ಅದು ಕಬ್ಬಿಣದ ಗೋಡೆಗೆ ಯಾರೋ ಸಣ್ಣ ಕಲ್ಲು ಹೊಡೆದ ಹಾಗೆ ಕೇಳುತ್ತದೆ. ಹೊಡೆತಗಳ ನಡುವಿನ ಅಂತರ ಕಡಿಮೆಯಾದರೆ ಹಡಗು ಹತ್ತಿರ ಬಂತು ಅಂತ ಅರ್ಥ.

ಹತ್ತಿರ ಬಂದ ಮೇಲೆ ಡೆಪ್ತ್ ಚಾರ್ಜ್ ಬೀಳುತ್ತವೆ. ಇವು ಡ್ರಮ್ಮಿನ ಆಕಾರದ ಬಾಂಬುಗಳು. ಎಷ್ಟು ಆಳಕ್ಕೆ ಹೋಗಿ ಸಿಡಿಯಬೇಕು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ನೇರವಾಗಿ ತಾಗಲೇಬೇಕು ಅಂತಿಲ್ಲ. ನೀರು ಒತ್ತಿಗೆ ಕುಗ್ಗುವುದು ಬಹಳ ಕಡಿಮೆಯಾದ್ದರಿಂದ ಪಕ್ಕದಲ್ಲಿ ಸಿಡಿದರೂ ಆ ಹೊಡೆತ ಜೋರಾಗಿಯೇ ಬೋಟಿನ ಮೈಗೆ ಬಂದು ಬೀಳುತ್ತದೆ.

ಸಬ್‌ಮರೀನ್ ಅಲ್ವಾ, ಮತ್ತೆ ಯಾಕೆ ಯಾವಾಗಲೂ ನೀರಿನ ಮೇಲೇ ಓಡುತ್ತದೆ?

ಬಹಳ ಜನ ಕೇಳುವ ಪ್ರಶ್ನೆ. ಆ ಕಾಲದ ಸಬ್‌ಮರೀನ್ ನಿಜವಾಗಿ ಬೇಕಾದಾಗ ಮುಳುಗಬಲ್ಲ ಒಂದು ಬೋಟು ಅಷ್ಟೇ. ಚಿತ್ರದಲ್ಲಿರುವುದು ಜರ್ಮನಿಯ ಏಳು-ಸಿ ಮಾದರಿ. ಉದ್ದ ಸುಮಾರು 67 ಮೀಟರ್. ಮೇಲೆ ಡೀಸೆಲ್ ಎಂಜಿನ್. 17 ನಾಟ್ ದಾಟಿ ಓಡುತ್ತದೆ, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್. ಡೀಸೆಲ್ ಉರಿಯಲು ಗಾಳಿ ಬೇಕು. ನೀರೊಳಗೆ ಗಾಳಿ ಎಲ್ಲಿ ತರುವುದು? ಹಾಗಾಗಿ ಅಲ್ಲಿ ಬ್ಯಾಟರಿ ಮೇಲೆ ಓಡಬೇಕು. ಆಗ ವೇಗ ಅರ್ಧಕ್ಕೂ ಕಮ್ಮಿ. ಜೋರಾಗಿ ಓಡಿಸಿದರೆ ಬ್ಯಾಟರಿ ಬೇಗ ಖಾಲಿ. ಮತ್ತೆ ಮೇಲೆ ಬಂದು ಡೀಸೆಲ್ ಓಡಿಸಿಯೇ ಚಾರ್ಜ್ ಮಾಡಬೇಕು.

ಅಂದರೆ ಕೆಳಗೆ ಅಡಗಿ ಕೂತವನಿಗೆ ಗಾಳಿಯೂ ಸಾಲ, ಕರೆಂಟೂ ಸಾಲ. ಮೇಲೆ ಕಾಯುವ ಹಡಗಿಗೆ ಇದು ಗೊತ್ತು. ಚಿತ್ರದ ಒತ್ತಡವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

‘ಅಲಾರ್ಮ್’ ಅಂದ ಕೂಡಲೇ ಎಲ್ಲರೂ ಮುಂದಕ್ಕೆ ಯಾಕೆ ಓಡುತ್ತಾರೆ?

ತೂಕಕ್ಕೆ! ವಿಮಾನ ಕಂಡರೆ ಅರ್ಧ ನಿಮಿಷದಲ್ಲಿ ಮುಳುಗಬೇಕು. ಕೈ ಖಾಲಿ ಇರುವವರೆಲ್ಲ ಮೂತಿಯ ಕಡೆ ಓಡಿ ಬಿದ್ದರೆ ಮೂತಿ ಭಾರವಾಗಿ ಬೇಗ ಕೆಳಗೆ ಬಾಗುತ್ತದೆ. ದುಂಡಗಿನ ಬಾಗಿಲುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕಾಲು ಮೊದಲು ಹಾಕಿ ನುಗ್ಗುವ ಆ ದೃಶ್ಯ ನೋಡಲು ಸರ್ಕಸ್ ತರಹ ಇದೆ. ಆದರೆ ಅದು ದಿನವೂ ಅಭ್ಯಾಸ ಮಾಡಿಸುತ್ತಿದ್ದ ಕೆಲಸ.

ಚಿತ್ರದಲ್ಲಿ ಬೋಟು 280 ಮೀಟರ್ ಆಳಕ್ಕೆ ಹೋಗುತ್ತದಲ್ಲ, ಅದು ಉತ್ಪ್ರೇಕ್ಷೆನಾ?

ಅಂಚಿನ ಮಾತು, ಆದರೆ ಅಸಾಧ್ಯ ಅಲ್ಲ. ಈ ಮಾದರಿ ಸುಮಾರು 250ರಿಂದ 295 ಮೀಟರ್ ನಡುವೆ ಎಲ್ಲೋ ನಜ್ಜುಗುಜ್ಜಾಗುತ್ತದೆ ಅನ್ನುವುದು ಲೆಕ್ಕ. 280 ಮೀಟರ್ ಕೆಳಗೆ ಒಂದೊಂದು ಚದರ ಮೀಟರ್ ಮೇಲೂ 280 ಟನ್‌ಗಿಂತ ಜಾಸ್ತಿ ನೀರಿನ ಭಾರ ಕೂತಿರುತ್ತದೆ. ಚಿತ್ರದಲ್ಲಿ ಆಳದ ಗಡಿಯಾರದ ಮುಳ್ಳು ಅಂಕಿಗಳು ಮುಗಿದ ಮೇಲೂ ಸರಿಯುತ್ತದೆ. ಬೋಲ್ಟುಗಳು ಕಿತ್ತು ಗುಂಡಿನ ಹಾಗೆ ಹಾರುತ್ತವೆ. ಕಬ್ಬಿಣ ನರಳುತ್ತದೆ. ಹೌದು, ಈ ಸದ್ದಿಗೆ ಬೇರೆ ಪದ ನನಗೆ ಸಿಕ್ಕಿಲ್ಲ, ನರಳುತ್ತದೆ.

ಇಷ್ಟು ಇಕ್ಕಟ್ಟಿನಲ್ಲಿ ಹೇಗೆ ಶೂಟಿಂಗ್ ಮಾಡಿದರು?

ಮ್ಯೂನಿಕ್ ಹತ್ತಿರದ ಬವೇರಿಯಾ ಸ್ಟುಡಿಯೋದಲ್ಲಿ ಬೋಟಿನ ಒಳಭಾಗವನ್ನು ನಿಜವಾದ ಅಳತೆಯಲ್ಲೇ ಕಟ್ಟಿದರು. ಕಲಾ ನಿರ್ದೇಶಕ ರೋಲ್ಫ್ ಸೆಹೆಟ್‌ಬಾವರ್. ಇಡೀ ಸೆಟ್ಟನ್ನು ಹೈಡ್ರಾಲಿಕ್ ಯಂತ್ರದ ಮೇಲೆ ಕೂರಿಸಿ ಓಲಾಡಿಸುತ್ತಿದ್ದರು. ನಟರು ಬೀಳುವುದು, ಗೋಡೆಗೆ ಬಡಿದುಕೊಳ್ಳುವುದು ಬಹಳಷ್ಟು ಸಲ ನಿಜವೇ.

ಛಾಯಾಗ್ರಾಹಕ ಯೋಸ್ಟ್ ವಕಾನೋ ಬಗ್ಗೆ ಎರಡು ಮಾತು ಹೇಳಲೇಬೇಕು. ಓಡುವಾಗಲೂ ಕ್ಯಾಮೆರಾ ಅಲುಗದ ಹಾಗೆ ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಆಗ ಇತ್ತು, ಆದರೆ ಆ ಬಾಗಿಲುಗಳಲ್ಲಿ ತೂರುತ್ತಿರಲಿಲ್ಲ. ಅವರು ಒಂದು ಸಣ್ಣ ಕ್ಯಾಮೆರಾಗೆ ಅಲುಗಾಟ ತಡೆಯುವ ಗೈರೋಸ್ಕೋಪ್ ಜೋಡಿಸಿ, ಕೈಯಲ್ಲಿ ಹಿಡಿದು, ಮೈಗೆ ಪ್ಯಾಡ್ ಕಟ್ಟಿಕೊಂಡು ನಟರ ಹಿಂದೆ ಬೋಟಿನ ಈ ತುದಿಯಿಂದ ಆ ತುದಿಗೆ ಓಡಿದರು. ಒಂದು ಗೋಡೆ ತೆಗೆದು ದೂರದಿಂದ ಶೂಟ್ ಮಾಡುವ ಸುಲಭ ದಾರಿ ಇತ್ತು, ಹಿಡಿಯಲಿಲ್ಲ. ಕ್ಯಾಮೆರಾ ಬೋಟಿನ ಒಳಗೇ ಇರುವುದರಿಂದ ನಮಗೂ ಹೊರಗೆ ಹೋಗಲು ದಾರಿ ಸಿಗುವುದಿಲ್ಲ.

ಹೆಚ್ಚಿನ ಭಾಗವನ್ನು ಕಥೆಯ ಕ್ರಮದಲ್ಲೇ ಶೂಟ್ ಮಾಡಿದರು. ಗಡ್ಡ ನಿಜವಾಗಿ ಬೆಳೆದದ್ದು. ನಟರನ್ನು ಬಿಸಿಲಿಗೆ ಬಿಡದೆ ಮುಖ ಬಿಳಿಚಿಕೊಳ್ಳುವ ಹಾಗೆ ನೋಡಿಕೊಂಡರು. ಬಿರುಗಾಳಿಯ ದೃಶ್ಯದಲ್ಲಿ ಯಾನ್ ಫೆಡರ್ ಎಂಬ ನಟ ನಿಜವಾಗಿ ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಆ ಬಿದ್ದದ್ದು ಚಿತ್ರದಲ್ಲಿ ಹಾಗೇ ಇದೆ.

ಇದು ನಿಜವಾದ ಕಥೆನಾ?

ಬಹುಪಾಲು ನಿಜ, ಆದರೆ ಸಿನಿಮಾಕ್ಕೆ ಬೇಕಾದ ಹಾಗೆ ಬದಲಾಯಿಸಿದ್ದಾರೆ. ಲೋತಾರ್-ಗುಂಟರ್ ಬುಖ್‌ಹೈಮ್ ಎಂಬ ವರದಿಗಾರ 1941ರಲ್ಲಿ ನಿಜವಾದ ಯು-96ರಲ್ಲಿ ಪ್ರಯಾಣ ಮಾಡಿದ್ದರು. 1973ರಲ್ಲಿ ಆ ಅನುಭವವನ್ನು ಕಾದಂಬರಿಯಾಗಿ ಬರೆದರು. ಚಿತ್ರದ ವೆರ್ನರ್ ಅಂದರೆ ಅವರೇ. ನಿಜವಾದ ಕ್ಯಾಪ್ಟನ್ ಹೈನ್ರಿಖ್ ಲೇಮನ್-ವಿಲ್ಲೆನ್‌ಬ್ರಾಕ್. ಅವರು ಯುದ್ಧದಲ್ಲಿ ಬದುಕುಳಿದರು. ಆಮೇಲೆ ಪರಮಾಣು ಶಕ್ತಿಯಿಂದ ಓಡುವ ಜರ್ಮನ್ ಸರಕು ಹಡಗು ‘ಒಟ್ಟೋ ಹಾನ್’ಗೂ ಕ್ಯಾಪ್ಟನ್ ಆದರು. ಈ ಚಿತ್ರಕ್ಕೆ ಸಲಹೆಗಾರರಾಗಿಯೂ ಇದ್ದರು. ಬೋಟಿನ ಗೋಪುರದ ಮೇಲೆ ಬರೆದಿರುವ ನಗುವ ಗರಗಸ ಮೀನಿನ ಚಿತ್ರ ಕೂಡ ನಿಜವಾದ ಯು-96ರದ್ದೇ.

ಚಿತ್ರದಲ್ಲಿ ಬರುವ ಹಾಗೆ, ಸ್ಪೇನ್ ಮತ್ತು ಆಫ್ರಿಕಾ ನಡುವಿನ ಜಿಬ್ರಾಲ್ಟರ್ ಜಲಸಂಧಿ ದಾಟಲು ಹೋಗಿ ವಿಮಾನದ ಕಣ್ಣಿಗೆ ಬಿದ್ದದ್ದೂ ಆ ಪ್ರಯಾಣದಲ್ಲಿ ನಡೆದದ್ದೇ. ಆದರೆ ನಿಜವಾದ ಬೋಟ್ ಲಾ ರೋಷೆಲ್‌ಗೆ ಅಲ್ಲ, ಸೇಂಟ್-ನಜೇರ್ ಬಂದರಿಗೆ ವಾಪಸ್ ಬಂತು.

ಬುಖ್‌ಹೈಮ್‌ಗೆ ಸಿನಿಮಾ ಇಷ್ಟವಾಗಲಿಲ್ಲ. ನಟರು ಅತಿಯಾಗಿ ಕಿರುಚಾಡುತ್ತಾರೆ, ನಿಜವಾದ ಬೋಟಿನಲ್ಲಿ ದಾಳಿ ಆಗುವಾಗ ಹಾಗಿರಲಿಲ್ಲ ಅನ್ನುವುದು ಅವರ ತಕರಾರು. ಅಲ್ಲಿ ಇದ್ದು ಬಂದವರ ಮಾತು, ತಳ್ಳಿ ಹಾಕಲಾರೆ. ಎರಡನೇ ಸಲ ನೋಡುವಾಗ ಕೆಲವು ಕಡೆ ನನಗೂ ಹಾಗೇ ಅನ್ನಿಸಿತು.

ನಾಜಿಗಳ ಪರವಾದ ಸಿನಿಮಾ ಅಲ್ವಾ ಇದು?

ಅಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು.

ಚಿತ್ರ ಶುರುವಾಗುವಾಗಲೇ ತೆರೆಯ ಮೇಲೆ ಒಂದು ಮಾತು ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ 40,000 ಜರ್ಮನ್ನರು ಸಬ್‌ಮರೀನ್‌ಗಳಲ್ಲಿ ಕೆಲಸ ಮಾಡಿದರು, 30,000 ಜನ ವಾಪಸ್ ಬರಲಿಲ್ಲ ಅಂತ. ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ಆದಾಗ ಈ ಸಾಲಿಗೆ ಜನ ಚಪ್ಪಾಳೆ ತಟ್ಟಿದ್ದರಂತೆ. ಸತ್ತದ್ದು ಶತ್ರುಗಳಲ್ಲವೇ? ಸಿನಿಮಾ ಮುಗಿದಾಗ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪೀಟರ್ಸನ್ ಇದನ್ನು ಮುಂದೆ ನೆನಪಿಸಿಕೊಳ್ಳುತ್ತಿದ್ದರು.

ಕ್ಯಾಪ್ಟನ್‌ಗೆ ಬರ್ಲಿನ್ನಿನ ದೊಡ್ಡವರ ಮೇಲೆ ನಂಬಿಕೆ ಇಲ್ಲ. ಮೊದಲ ಪಾರ್ಟಿಯಲ್ಲೇ ಥೋಮ್ಸನ್ ಎಂಬ ಇನ್ನೊಬ್ಬ ಕ್ಯಾಪ್ಟನ್ ಕುಡಿದ ಅಮಲಿನಲ್ಲಿ ಹಿಟ್ಲರನನ್ನು ಗೇಲಿ ಮಾಡುತ್ತಾನೆ, ಇಡೀ ಕೋಣೆ ಉಸಿರು ಹಿಡಿದು ನಿಲ್ಲುತ್ತದೆ. ಬೋಟಿನಲ್ಲಿ ಒಬ್ಬನೇ ಒಬ್ಬ ನಿಷ್ಠಾವಂತ ನಾಜಿ ಅಧಿಕಾರಿ ಇದ್ದಾನೆ. ಎಲ್ಲರೂ ಕೊಳೆತು ನಾರುತ್ತಿರುವಾಗ ಅವನು ದಿನಾ ತಲೆ ಬಾಚಿ ಕೂರುತ್ತಾನೆ.

ಹಾಗಂತ ಚಿತ್ರದ ಬಗ್ಗೆ ನನಗೆ ಒಂದು ಕೊರಗು ಇದ್ದೇ ಇದೆ. ಬೋಟಿನಲ್ಲಿ ಇಷ್ಟೊಂದು ಜನ ಹಿಟ್ಲರನನ್ನು ಮನಸ್ಸಿನಲ್ಲೇ ಬೈಯುತ್ತಿದ್ದರು, ಒಬ್ಬನೇ ನಂಬುತ್ತಿದ್ದ ಅನ್ನುವುದು ಜರ್ಮನ್ ಪ್ರೇಕ್ಷಕರಿಗೆ ಸ್ವಲ್ಪ ಹಿತವಾದ ಲೆಕ್ಕ. ಸಬ್‌ಮರೀನ್ ನೀರೊಳಗೆ ಹಡಗಿನ ಕಡೆ ಬಿಡುವ ಬಾಂಬು ಟಾರ್ಪಿಡೋ, ಅದರ ಆ ತುದಿಯಲ್ಲಿ ಯಾರಿದ್ದರು ಅನ್ನುವುದೂ ನಮಗೆ ಕಾಣುವುದು ಒಂದೇ ಒಂದು ಸಲ. ಹೊತ್ತಿ ಉರಿಯುವ ಟ್ಯಾಂಕರಿನ ಮೇಲೆ ಇನ್ನೂ ಜನ ಇದ್ದಾರೆ. ಇಷ್ಟು ಹೊತ್ತಾದರೂ ಇವರನ್ನು ಯಾಕೆ ಯಾರೂ ಕಾಪಾಡಿಲ್ಲ ಅಂತ ಕ್ಯಾಪ್ಟನ್ ಕಂಗಾಲಾಗುತ್ತಾನೆ. ಅವರು ನೀರಿಗೆ ಹಾರಿ ಬೋಟಿನ ಕಡೆ ಈಜುತ್ತಾರೆ. ಕ್ಯಾಪ್ಟನ್ ಬೋಟನ್ನು ಹಿಂದಕ್ಕೆ ತೆಗೆಯಲು ಹೇಳುತ್ತಾನೆ. ವೆರ್ನರ್ ಮುಖ ಆಗ ನೋಡಿ.

ನಮಗೆ ಆ ದೃಶ್ಯ ಇನ್ನೂ ಹತ್ತಿರದ್ದು. ಬ್ರಿಟನ್ನಿನ ಸರಕು ಹಡಗುಗಳಲ್ಲಿ ಸಾವಿರಾರು ಭಾರತೀಯರು ದುಡಿಯುತ್ತಿದ್ದರು. ಲಸ್ಕರ್ ಅಂತ ಅವರನ್ನು ಕರೆಯುತ್ತಿದ್ದರು. ಬಹಳಷ್ಟು ಜನರಿಗೆ ಕೆಲಸ ಕೆಳಗೆ, ಎಂಜಿನ್ ಕೋಣೆಯಲ್ಲಿ, ಬಾಯ್ಲರಿಗೆ ಕಲ್ಲಿದ್ದಲು ತುಂಬುವುದು. ಟಾರ್ಪಿಡೋ ಬಡಿದರೆ ಮೇಲೆ ಬರಲು ಅವರಿಗೇ ಸಮಯ ಕಡಿಮೆ. 1940ರ ಸೆಪ್ಟೆಂಬರ್‌ನಲ್ಲಿ ‘ಸಿಟಿ ಆಫ್ ಬನಾರಸ್’ ಎಂಬ ಹಡಗನ್ನು ಯು-48 ಮುಳುಗಿಸಿತು. ಬಾಂಬು ದಾಳಿಯಿಂದ ಪಾರಾಗಲಿ ಅಂತ ಕೆನಡಾಗೆ ಕಳಿಸಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ಸತ್ತರು. ಅವರ ಜೊತೆ ಹೋದ ಭಾರತೀಯ ನಾವಿಕರ ಸುದ್ದಿ ಕೇಳುವವರು ಕಡಿಮೆ. ಸಿನಿಮಾ ನೋಡುವಾಗ ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೋಟಿನ ಹುಡುಗರ ಮೇಲೆ ಬರುವ ಕರುಣೆ ಇದರಿಂದ ಕಡಿಮೆ ಆಗಬೇಕಿಲ್ಲ. ನನಗೆ ಎರಡೂ ಒಟ್ಟಿಗೇ ಇವೆ.

ಎಷ್ಟೊಂದು ಆವೃತ್ತಿ ಇವೆ! ಯಾವುದನ್ನು ನೋಡಲಿ?

1981ರಲ್ಲಿ ಥಿಯೇಟರಿಗೆ ಬಂದದ್ದು 149 ನಿಮಿಷದ್ದು. ಟೀವಿಗಾಗಿ ಮಾಡಿದ ಉದ್ದದ ಸರಣಿಯೂ ಇದೆ. ಬಿಬಿಸಿ 1984ರಲ್ಲಿ ಅದನ್ನು ಆರು ಕಂತುಗಳಲ್ಲಿ ತೋರಿಸಿತು. ಕಂತುಗಳನ್ನು ಸೇರಿಸಿದ ಆವೃತ್ತಿ 293 ನಿಮಿಷ, ಹತ್ತಿರ ಹತ್ತಿರ ಐದು ಗಂಟೆ. 1997ರಲ್ಲಿ ಪೀಟರ್ಸನ್ ತಾವೇ ಕೂತು ಮೂರೂವರೆ ಗಂಟೆಯ ಡೈರೆಕ್ಟರ್ಸ್ ಕಟ್ ಮಾಡಿದರು. ಧ್ವನಿಯನ್ನೂ ಹೊಸದಾಗಿ ಕಟ್ಟಿದರು.

ಮೊದಲ ಸಲ ನೋಡುವವರಿಗೆ ಡೈರೆಕ್ಟರ್ಸ್ ಕಟ್. ಬೇರೆ ಯೋಚನೆ ಬೇಡ. ಇಷ್ಟವಾದರೆ ಒಂದು ವರ್ಷ ಬಿಟ್ಟು ಐದು ಗಂಟೆಯದನ್ನು ನೋಡಿ. ಅದರಲ್ಲಿ ಖಾಲಿ ಸಮುದ್ರ ಇನ್ನೂ ಖಾಲಿಯಾಗಿದೆ. 2018ರಲ್ಲಿ ಇದೇ ಹೆಸರಿನ ಟೀವಿ ಸರಣಿ ಶುರುವಾಯಿತು. ಅದು ಬೇರೆ ಕಥೆ, ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಇಂಗ್ಲಿಷ್ ಡಬ್ಬಿಂಗ್ ನೋಡಿದರೆ ನಡೆಯುತ್ತಾ?

ನಡೆಯುತ್ತದೆ. ಬಹಳಷ್ಟು ನಟರು ಇಂಗ್ಲಿಷಿಗೂ ತಾವೇ ದನಿ ಕೊಟ್ಟಿದ್ದಾರೆ. ಆದರೂ ನನ್ನ ಆಯ್ಕೆ ಜರ್ಮನ್, ಕೆಳಗೆ ಸಬ್‌ಟೈಟಲ್. ಪಿಸುಮಾತು ಪಿಸುಮಾತಾಗಿಯೇ ಉಳಿಯುತ್ತದೆ.

ಆಸ್ಕರ್ ಬಂತಾ?

ಆರು ನಾಮನಿರ್ದೇಶನ, ಒಂದೂ ಬರಲಿಲ್ಲ. ಆ ವರ್ಷ ಎದುರಿಗಿದ್ದದ್ದು ಅಟೆನ್‌ಬರೋ ಅವರ ‘ಗಾಂಧಿ’. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರರಲ್ಲೂ ದಾಸ್ ಬೋಟ್ ಸೋತದ್ದು ‘ಗಾಂಧಿ’ಗೇ. ಅದೇ ಸಂಜೆ ಭಾನು ಅಥಯ್ಯ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ಅದು ನಮ್ಮ ಹೆಮ್ಮೆ. ಆದರೆ ಛಾಯಾಗ್ರಹಣದ್ದು ವಕಾನೋ ಅವರಿಗೆ ಸಿಗಬೇಕಿತ್ತು ಅಂತ ನಾನು ಈಗಲೂ ಹೇಳುತ್ತೇನೆ.

ಮಕ್ಕಳ ಜೊತೆ ನೋಡಬಹುದಾ?

ಚಿಕ್ಕವರ ಜೊತೆ ಬೇಡ. ಕೆಟ್ಟ ಮಾತು ಜಾಸ್ತಿ, ಸಾವು ಹತ್ತಿರದಿಂದ ಕಾಣುತ್ತದೆ. ಇಕ್ಕಟ್ಟಿನ ಜಾಗ ಅಂದರೆ ಉಸಿರು ಕಟ್ಟುವವರು ದೊಡ್ಡವರಾದರೂ ಯೋಚಿಸಿ ನೋಡಿ.

ಇಂಥ ಸಬ್‌ಮರೀನ್ ಒಳಗೆ ಹೋಗಿ ನೋಡಬಹುದಾ?

ನೋಡಬಹುದು. ಜರ್ಮನಿಯ ಕೀಲ್ ನಗರದ ಹತ್ತಿರ ಲಾಬೋ ಎಂಬಲ್ಲಿ ಸಮುದ್ರ ತೀರದಲ್ಲೇ ಯು-995 ನಿಂತಿದೆ. ಏಳು-ಸಿ ಮಾದರಿಯನ್ನೇ ಸ್ವಲ್ಪ ಸುಧಾರಿಸಿದ್ದು. 1972ರಿಂದ ಮ್ಯೂಸಿಯಂ. ಅಲ್ಲಿರುವ ಕನ್ನಡಿಗರು ಒಂದು ದಿನ ಬಿಡುವು ಮಾಡಿಕೊಂಡು ಹೋಗಬಹುದು. ಮ್ಯೂನಿಕ್‌ನ ಸ್ಟುಡಿಯೋದಲ್ಲಿ ಚಿತ್ರದ ಸೆಟ್ಟನ್ನೂ ಉಳಿಸಿಕೊಂಡಿದ್ದಾರೆ.

ನಮಗೆ ಹತ್ತಿರದ್ದು ವಿಶಾಖಪಟ್ಟಣದ ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರಾ. ಸೋವಿಯತ್ ಕಾಲದ ಫಾಕ್ಸ್‌ಟ್ರಾಟ್ ಮಾದರಿ, ಯು-96ಕ್ಕಿಂತ ಉದ್ದ. 2002ರಿಂದ ಮ್ಯೂಸಿಯಂ ಆಗಿದೆ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಗೆ ಬರಬಹುದು. ದುಂಡು ಬಾಗಿಲು ದಾಟಲು ನಾನು ತಲೆ ಬಗ್ಗಿಸಿ, ಒಂದು ಕಾಲು ಆಚೆ ಇಟ್ಟು, ಕಬ್ಬಿಣದ ಅಂಚು ಹಿಡಿದು ಮೈಯನ್ನು ಎಳೆದುಕೊಂಡೆ. ಸಾವಿರಾರು ಕೈ ತಾಗಿ ಆ ಅಂಚು ನುಣ್ಣಗಾಗಿತ್ತು. ಇದನ್ನು ಆ ಹುಡುಗರು ಓಡುತ್ತಾ ದಾಟುತ್ತಿದ್ದರಲ್ಲ ಅಂತ ಆಗ ಅನ್ನಿಸಿತು. ಕಾರವಾರದ ಟ್ಯಾಗೋರ್ ಬೀಚಿನಲ್ಲಿರುವ ಚಾಪಲ್ ಸಬ್‌ಮರೀನ್ ಅಲ್ಲ, ಕ್ಷಿಪಣಿ ಬೋಟು. ಆದರೆ ಆ ಕಡೆ ಹೋದರೆ ಬಿಡಬೇಡಿ. ಯುದ್ಧದ ಹಡಗಿನ ಒಳಗಿನ ಇಕ್ಕಟ್ಟು ಅಲ್ಲೂ ಗೊತ್ತಾಗುತ್ತದೆ.

ಕೊನೆ ಯಾಕೆ ಹಾಗೆ ಮಾಡಿದರು? (ಸಿನಿಮಾ ನೋಡಿದವರಿಗೆ ಮಾತ್ರ)

ಜಿಬ್ರಾಲ್ಟರ್ ತಳದಿಂದ ಎದ್ದು ಬಂದವರು, ಗಂಟೆಗಟ್ಟಲೆ ಉಸಿರು ಕಟ್ಟಿ ಬೋಟನ್ನು ರಿಪೇರಿ ಮಾಡಿದವರು, ಬಂದರಿಗೆ ಬಂದು ಬ್ಯಾಂಡು ಬಾರಿಸುವಾಗ ವಿಮಾನ ದಾಳಿಯಲ್ಲಿ ಸಾಯುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು. ಇದು ಮೋಸ ಅನ್ನಿಸಿತು.

ಈಗ ಹಾಗೆ ಅನ್ನಿಸುವುದಿಲ್ಲ. ಚರಿತ್ರೆಯಲ್ಲಿ ಯು-96 ಆ ದಿನ ಮುಳುಗಲಿಲ್ಲ, ಸರಿ. ಆದರೆ ಅದು ಕೊನೆಗೆ ಹೋದದ್ದು ಹೀಗೇ. 1945ರ ಮಾರ್ಚ್ 30ರಂದು ಸ್ವಂತ ದೇಶದ ಬಂದರು ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ, ಅಮೆರಿಕದ ವಿಮಾನಗಳ ಬಾಂಬಿಗೆ ಸಿಕ್ಕಿ. ಇಡೀ ಸಿನಿಮಾ ನಾವು ಮೇಲೆ ಯಾರಿದ್ದಾರೆ ಅಂತ ಕಿವಿಗೊಟ್ಟು ಕೂತಿದ್ದೆವು. ಬಂದರಿನಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ, ಬ್ಯಾಂಡು ಜೋರಾಗಿತ್ತು. ಗಾಯಗೊಂಡ ಕ್ಯಾಪ್ಟನ್ ದಡದಲ್ಲಿ ಕುಸಿದು ಕೂತು ತನ್ನ ಬೋಟು ಮುಳುಗುವುದನ್ನು ನೋಡುತ್ತಾನೆ. ಗೋಪುರ ನೀರಿನೊಳಗೆ ಹೋಗುವ ತನಕ ಕಣ್ಣು ತೆಗೆಯುವುದಿಲ್ಲ. ಅದು ಹೋದ ಮೇಲೆ ಅವನೂ ಪಕ್ಕಕ್ಕೆ ಒರಗುತ್ತಾನೆ. ವೆರ್ನರ್ ಓಡಿ ಬಂದು ಅವನ ಹತ್ತಿರ ಮಂಡಿ ಊರುತ್ತಾನೆ.